ಇವತ್ತ ಬಾಯೋರು ಏನ ಬರ್ದಾರ?

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ. ಮಲಾಡ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷದಿಂದ ಕನ್ನಡ ಮತ್ತು ವಿಜ್ಞಾನ ಕಲಿಸುತ್ತಿದ್ದೇನೆ. ಹೆಸರು ಶೀಲಾವತಿ, ಊರು ಉಡುಪಿಯ ಹತ್ತಿರ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಕೆಂಪು ಪೆನ್ನು’ ಅನ್ನುತ್ತಾರೆ. ಅನ್ನಲಿ, ಸುಳ್ಳೇನಲ್ಲವಲ್ಲ. ಬೇರೆ ಟೀಚರುಗಳು ಪುಟದ ಮೇಲೆ ಉದ್ದಕ್ಕೊಂದು ಗೀಟೆಳೆದು ಕೆಳಗೆ ಸಹಿ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನಾನು ಸಾಲು ಸಾಲು ಓದುತ್ತೇನೆ. ತಪ್ಪಿಗೆ ಸುತ್ತು ಹಾಕುತ್ತೇನೆ, ಅದರ ಮೇಲೆ ಸರಿಯಾದದ್ದನ್ನು ಬರೆಯುತ್ತೇನೆ, ಅಂಚಿನಲ್ಲಿ ಎರಡು ಮಾತು ಬೈಯುತ್ತೇನೆ. ಬೈಯದೆ ಕಲಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಹೋದ ವರ್ಷ ಜೂನ್‌ನಲ್ಲಿ ರಂಜನಾ ಬಂದ ಮೇಲೆ ನನ್ನ ಕೋಪಕ್ಕೆ ಹೊಸ ಕೆಲಸ ಸಿಕ್ಕಿತು. ಕಲಿಯುವುದರಲ್ಲಿ ತೊಡಕಿರುವ ಮಕ್ಕಳನ್ನು ನೋಡಿಕೊಳ್ಳಲೆಂದು ಒಂದು ಟ್ರಸ್ಟಿನವರು ಕಳಿಸಿದ ಸೋಷಿಯಲ್ ವರ್ಕರ್ ಅವಳು. ಮಂಗಳವಾರ, ಶುಕ್ರವಾರ ಬರುತ್ತಿದ್ದಳು. ಕೋಣೆ ಇಲ್ಲದ ಕಾರಣ ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಕೊಟ್ಟಿದ್ದೆವು. ಇಪ್ಪತ್ತೇಳು ವಯಸ್ಸು, ಅಂದರೆ ನನ್ನ ಸರ್ವೀಸಿನಷ್ಟು. ಅಪ್ಪ ಬೀದರಿನವರಾದರೂ ಅವಳು ಹುಟ್ಟಿ ಬೆಳೆದದ್ದು ಗೋರೆಗಾಂವ್‌ನಲ್ಲಿ. ಕನ್ನಡ ಅರ್ಥವಾಗುತ್ತದೆ, ಮಾತು ತಡವರಿಸುತ್ತದೆ, ಓದಲು ಕೊಟ್ಟರೆ ಒಂದೊಂದೇ ಅಕ್ಷರ ಹೆಕ್ಕುತ್ತಾಳೆ. ಕನ್ನಡ ಓದಲು ಬಾರದವಳು ಕನ್ನಡ ಶಾಲೆಯಲ್ಲಿ ಏನು ಕಿಸಿಯುತ್ತಾಳೆ ಎಂದು ಸ್ಟಾಫ್ ರೂಮಿನಲ್ಲಿ ಅವಳಿಗೆ ಕೇಳುವಂತೆಯೇ ಹೇಳಿದ್ದೆ. ನಾನು ನೋಡಿದ ಮಟ್ಟಿಗೆ ಅವಳ ಕೆಲಸ ಎಂದರೆ ತಾಯಂದಿರನ್ನು ಕರೆದು ಕೂರಿಸಿ ಚಹಾ ಕುಡಿಸುವುದು.

ಅಕ್ಟೋಬರ್‌ನಲ್ಲಿ ಮೊದಲ ಸತ್ರದ, ಅಂದರೆ ಅರ್ಧವಾರ್ಷಿಕ ಪರೀಕ್ಷೆ ಮುಗಿಯಿತು. ಹೆಡ್‌ಮಾಸ್ಟರ್ ಅನಿಲಕುಮಾರ ಸರ್ ನನ್ನನ್ನೂ ರಂಜನಾಳನ್ನೂ ಕೋಣೆಗೆ ಕರೆದರು. ಮೇಜಿನ ಮೇಲೆ ಹತ್ತನೆಯ ತರಗತಿಯ ಸೇವಂತಿಯ ವಿಜ್ಞಾನದ ಉತ್ತರಪತ್ರಿಕೆ ಬಿದ್ದಿತ್ತು. ಎಂಟನೆಯ ತರಗತಿಯಿಂದ ನನ್ನ ಕೈ ಕೆಳಗೇ ಇದ್ದ ಹುಡುಗಿ. ಕಿಟಕಿ ಪಕ್ಕದ ಬೆಂಚು, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ತುಟಿ ಮುಚ್ಚಿದರೆ ಮುಚ್ಚಿದಂತೆಯೇ. ಮೂರು ಗಂಟೆಯಲ್ಲಿ ಆರು ಸಾಲು ಬರೆದಿದ್ದಳು. ಆ ಆರು ಸಾಲೂ ನನ್ನ ಕೆಂಪು ಶಾಯಿಯ ಅಡಿಯಲ್ಲಿ ಹುಡುಕಬೇಕಿತ್ತು.

“ಟೀಚರ್, ಹತ್ತನೇಯಲ್ಲಿ ನಮ್ಮಲ್ಲಿ ಇರೋದೇ ಹದಿನಾಲ್ಕು ಮಕ್ಕಳು,” ಎಂದರು ಸರ್. “ಒಂದು ಫೇಲಾದ್ರೂ ರಿಸಲ್ಟ್ ಬೀಳ್ತದೆ. ಕನ್ನಡ ಶಾಲೆ ಮುಚ್ಚೋಕೆ ಜನ ಕಾದು ಕೂತಿದ್ದಾರೆ. ಈ ಹುಡುಗಿ ಹೆಸರು ತೆಗೆಯೋಣ. ಬೇಕಾದ್ರೆ ಮುಂದಿನ ವರ್ಷ ಹೊರಗಿನಿಂದ ಕಟ್ಟಲಿ.”

ನಾನು ಹೂಂ ಅಂದೆ. ಹೊರಗಿನಿಂದ ಯಾರೂ ಕಟ್ಟುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಸೇವಂತಿಯ ತಾಯಿ ಮಲ್ಲಕ್ಕ ಗೋರೆಗಾಂವ್‌ನ ಒಂದು ಆಫೀಸ್ ಬಿಲ್ಡಿಂಗಿನಲ್ಲಿ ಕಸ ಹೊಡೆಯುವ ಕೆಲಸಕ್ಕೆ ಹೋಗುತ್ತಾಳೆ. ಮಗಳಿಗೂ ಅಲ್ಲೇ ಒಂದು ಪೊರಕೆ ಕಾದಿತ್ತು.

“ಸರ್, ಅವಳಿಗೆ ಪಾಠ ಬರೋದಿಲ್ಲ ಅಂತ ಅಲ್ಲ, ಬರೆಯೋಕೆ ಬರೋದಿಲ್ಲ,” ಎಂದಳು ರಂಜನಾ. “ದೋನೋ ಅಲಗ್ ಹೈ, ಎರಡೂ ಬೇರೆ ಬೇರೆ. ಕಣ್ಣು ಸರಿ, ಬುದ್ಧಿ ಸರಿ. ಅಕ್ಷರ ಮಾತ್ರ ಅವಳ ಕೈಗೆ ಸಿಗಲ್ಲ. ಹಾಸ್ಪಿಟಲ್‌ನಲ್ಲಿ ಟೆಸ್ಟ್ ಮಾಡಿ ಸರ್ಟಿಫಿಕೇಟ್ ಕೊಟ್ರೆ ಬೋರ್ಡ್‌ನವರು ರೈಟರ್ ಕೊಡ್ತಾರೆ. ಇವಳು ಹೇಳ್ತಾಳೆ, ಇನ್ನೊಬ್ಬರು ಬರೀತಾರೆ. ಎಕ್ಸ್ಟ್ರಾ ಟೈಮೂ ಸಿಗ್ತದೆ.”

“ಹೇಳೋದಕ್ಕೆ ಬಾಯಿ ಬೇಕಲ್ಲ ಮಾರಾಯ್ತಿ!” ಎಂದೆ ನಾನು. “ಮೂರು ವರ್ಷದಲ್ಲಿ ನನ್ನ ಕ್ಲಾಸಲ್ಲಿ ಅವಳು ಬಾಯಿ ತೆರೆದದ್ದು ನಾನು ಕಂಡಿಲ್ಲ.”

“ನಿಮ್ಮ ಕ್ಲಾಸಲ್ಲಿ ಯಾರು ತೆರೀತಾರೆ ಮ್ಯಾಡಂ?”

ಸರ್ ಕೆಮ್ಮಿದರು. ನಗು ಮುಚ್ಚುವ ಕೆಮ್ಮು ನನಗೆ ತಿಳಿಯುವುದಿಲ್ಲವೇ? ಆದರೆ ರಂಜನಾಳ ಮುಖದಲ್ಲಿ ನಗುವಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಿದ್ದವಳಂತೆ ನನ್ನನ್ನೇ ನೋಡುತ್ತಿದ್ದಳು. ಹಾಸ್ಪಿಟಲ್ಲಿಗೆ ಮೂರು ವರ್ಷದ ನೋಟ್‌ಬುಕ್ಕು ಬೇಕು, ಕ್ಲಾಸ್ ಟೀಚರೇ ಬರೆದ ರಿಪೋರ್ಟು ಬೇಕು ಎಂದಳು. ನೋಟ್‌ಬುಕ್ಕೆಲ್ಲ ಹುಡುಗಿಯ ಮನೆಯಲ್ಲಿದ್ದವು. “ನನಗೆ ಕನ್ನಡ ಓದೋಕೆ ಟೈಮ್ ಲಗ್ತಾ ಹೈ ಮ್ಯಾಡಂ. ಯಾವುದು ಬೇಕು, ಯಾವುದು ಬೇಡ, ನೀವೇ ಬಂದು ಆರಿಸಿಕೊಡಿ. ಒಂದೇ ಸಲ.”

ಸರ್ ಸೋಮವಾರದವರೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ನನ್ನ ರಿಪೋರ್ಟು ಬಂದರೆ ಹುಡುಗಿ ಉಳಿಯುತ್ತಾಳೆ, ಇಲ್ಲದಿದ್ದರೆ ಹೆಸರು ಹೋಗುತ್ತದೆ. ನಾನು ಹೊರಟದ್ದು ಸೇವಂತಿಗಾಗಿ ಅಲ್ಲ. ನಾನು ಹೇಳಿದ್ದೇ ಸರಿ ಎಂದು ರಂಜನಾಳಿಗೆ ತೋರಿಸಿಕೊಡಬೇಕೆಂದು ಹೊರಟೆ. ಇದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೂ ಇದ್ದದ್ದು ಹಾಗೆಯೇ.

ಶನಿವಾರ ಶಾಲೆ ಬಿಟ್ಟ ಮೇಲೆ ಶೇರ್ ರಿಕ್ಷಾದಲ್ಲಿ ಅಪ್ಪಾಪಾಡದ ತನಕ ಹೋದೆವು. ಅಲ್ಲಿಂದ ಗುಡ್ಡ ಹತ್ತಬೇಕು. ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಅಂಟಿ ನಿಲ್ಲುವಷ್ಟು ಅಗಲದ ಮೆಟ್ಟಿಲು. ನನಗೆ ಮೂವತ್ತನೆಯ ಮೆಟ್ಟಿಲಿಗೇ ಉಸಿರು ಕಟ್ಟಿತು. ರಂಜನಾ ಏನೂ ಹೇಳದೆ ನನ್ನ ಬ್ಯಾಗು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ದಾರಿಯುದ್ದಕ್ಕೂ ಬಾಗಿಲು ಬಾಗಿಲಿನಿಂದ “ರಂಜನಾ ದೀದಿ, ರಂಜನಾ ದೀದಿ” ಎಂಬ ಕೂಗು. ಒಬ್ಬಳ ಸೊಸೆಗೆ ಹೆರಿಗೆಯಾಯಿತೇ ಎಂದು ಇವಳು ಕೇಳಿದಳು, ಇನ್ನೊಬ್ಬಳ ಮಗನ ಕಿವಿಗೆ ಹಾಕುವ ಮಷೀನು ರಿಪೇರಿಯಾಯಿತೇ ಎಂದು ವಿಚಾರಿಸಿದಳು. ಇಪ್ಪತ್ತೇಳು ವರ್ಷದಿಂದ ಈ ಗುಡ್ಡದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಗುಡ್ಡ ಹತ್ತಿದ್ದು ಅದೇ ಮೊದಲು.

ಮಲ್ಲಕ್ಕನದು ಒಂದೇ ಖೋಲಿ, ಒಂದು ಕೋಣೆಯ ಮನೆ. ಗಂಡ ಪರಪ್ಪ ಗಾರೆ ಕೆಲಸಕ್ಕೆ ದಹಿಸರ್ ಕಡೆ ಹೋಗಿದ್ದ. ನನ್ನನ್ನು ಬಾಗಿಲಲ್ಲಿ ನೋಡಿ ಸೇವಂತಿಯ ಮುಖದ ರಕ್ತವೇ ಇಳಿದುಹೋಯಿತು. “ಬಾಯೋರು ಬಂದಾರ! ಹೋಗು, ಹಾಲು ತಗೊಂಡು ಬಾ,” ಎಂದು ಮಲ್ಲಕ್ಕ ಅವಳನ್ನು ಅಟ್ಟಿದಳು. ಹುಡುಗಿ ಹೋಗುವಾಗ ಎರಡು ಸಲ ತಿರುಗಿ ನೋಡಿದಳು, ನನ್ನನ್ನಲ್ಲ, ದೇವರ ಹಲಗೆಯನ್ನು. ಮಲ್ಲಕ್ಕ ಕಲಬುರಗಿ ಕಡೆಯವಳು, ಅಲ್ಲಿ ಟೀಚರಿಗೆ ಬಾಯೋರು ಅನ್ನುತ್ತಾರೆ. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು, ನೋಡಿದರೆ ನನ್ನ ಅಕ್ಕನಂತಿದ್ದಳು. ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟಳು.

“ಹಳೇ ನೋಟ್‌ಬುಕ್ಕು ಇದ್ದರೆ ತೋರಿಸು. ರದ್ದಿಗೆ ಹಾಕಿದ್ದೀಯೋ ಏನೋ,” ಎಂದೆ.

“ರದ್ದಿಗಿ ಹಾಕೋದಾ?” ಎಂದು ಅವಳು ಕಣ್ಣರಳಿಸಿದಳು. ಕೈ ತೊಳೆದುಕೊಂಡು ಬಂದು ದೇವರ ಹಲಗೆಯಿಂದ ಒಂದು ಗಂಟು ಇಳಿಸಿದಳು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಪುಸ್ತಕಗಳು. ಪ್ರತಿಯೊಂದರ ರಟ್ಟಿನ ಮೇಲೂ ಕುಂಕುಮದ ಬೊಟ್ಟು, ಗಂಟಿನ ಒಳಗೆ ಒಣಗಿದ ಚೆಂಡುಹೂವು. “ದಸರಾಕ್ಕ ಪೂಜಿ ಮಾಡೀವ್ರಿ. ಮೂರು ವರ್ಷದ್ದೂ ಅವ. ಒಂದೂ ಕಳದಿಲ್ಲ.”

ಒಂದನ್ನು ಬಿಡಿಸಿದೆ. ಎಂಟನೆಯ ತರಗತಿಯ ವಿಜ್ಞಾನ. ಪುಟದ ತುಂಬ ನನ್ನದೇ ಅಕ್ಷರ, ನನ್ನದೇ ಕೆಂಪು. ನಡುವೆ ಎಲ್ಲೋ ಪೆನ್ಸಿಲಿನಲ್ಲಿ ಆ ಹುಡುಗಿಯ ನಾಲ್ಕು ಸಾಲು. ‘ರಕ್ತ’ ಅನ್ನುವುದು ‘ರತಕ’ ಆಗಿತ್ತು, ‘ಹೃದಯ’ ‘ಹದೃಯ’ ಆಗಿತ್ತು. ಅಂಚಿನಲ್ಲಿ ನಾನು ಬರೆದಿದ್ದೆ: ‘ಸೋಮಾರಿ! ಕಣ್ಣು ಎಲ್ಲಿಟ್ಟು ಬರೆಯುತ್ತೀ? ಹತ್ತು ಸಲ ಬರೆ.’ ಅವಳು ಬರೆದಿದ್ದಳು. ಹತ್ತು ಸಲವೂ ‘ರತಕ’. ಅದರ ಕೆಳಗೆ ಮತ್ತೆ ನಾನು: ‘ನಾಚಿಕೆಯಿಲ್ಲವೇ?’

“ಯಾವ ಮಕ್ಕಳ ಬುಕ್ಕಿನ್ಯಾಗೂ ಇಷ್ಟು ಕೆಂಪು ಇಲ್ರಿ ಬಾಯೋರ,” ಎಂದಳು ಮಲ್ಲಕ್ಕ ಪಕ್ಕದಲ್ಲಿ ಕೂತು. “ನಮ್ಮ ಸೇವಂತಿ ಬುಕ್ಕಿನ್ಯಾಗ ಅಷ್ಟ.”

ನಾನು ಪುಟ ಮುಚ್ಚಲು ಹೋದೆ. ಅವಳು ಚಿತ್ರದ ಮೇಲೆ ಬೆರಳಿಟ್ಟಳು. “ಇದು ಎದಿ ಪಾಠ ಅಲ್ರಿ? ನಾಲ್ಕು ಖೋಲಿ. ಮ್ಯಾಲ ಎರಡು, ಕೆಳಗ ಎರಡು. ನಡುವಿನ ಬಾಗಿಲ ಒಂದ ಕಡೀಗಿ ತೆರೀತಾವ, ಹೋದ ರಕ್ತ ಹೊಳ್ಳಿ ಬರೂ ಹಂಗಿಲ್ಲ. ಚರ್ಚ್‌ಗೇಟಿಗಿ ಹೋಗೂ ರೈಲಿನ ಟ್ರ್ಯಾಕ್ ಬ್ಯಾರೆ, ವಿರಾರಿಗಿ ಹೋಗೂ ಟ್ರ್ಯಾಕ್ ಬ್ಯಾರೆ. ಕೆಟ್ಟ ರಕ್ತ ಬೋರಿವಲಿಗಿ ಹೋಗಿ, ನ್ಯಾಷನಲ್ ಪಾರ್ಕಿನ್ಯಾಗ ಚಲೋ ಗಾಳಿ ಕುಡದು ವಾಪಸ್ ಬರ್ತದ. ಆ ಬೋರಿವಲಿ ಅಂದ್ರ ನಮ್ಮ ಪುಪ್ಪುಸ.”

ಅದು ನನ್ನ ಪಾಠ. ನನ್ನದೇ ಮಾತು, ನನ್ನದೇ ತಮಾಷೆ. ಆ ಬೋರಿವಲಿಯ ಮಾತನ್ನು ನಾನು ಯಾವ ಪುಸ್ತಕದಿಂದಲೂ ತಂದದ್ದಲ್ಲ, ಒಂದು ದಿನ ಲೋಕಲ್ ರೈಲಿನಲ್ಲಿ ನೇತಾಡುತ್ತ ಬರುವಾಗ ಹೊಳೆದದ್ದು. ಹೇಳಿದಾಗ ಕ್ಲಾಸಿನಲ್ಲಿ ಯಾರೂ ನಕ್ಕಿರಲಿಲ್ಲ. ಎರಡು ವರ್ಷದ ಮೇಲೆ, ಅಕ್ಷರ ಬಾರದ ಒಬ್ಬ ಹೆಂಗಸು ಅಪ್ಪಾಪಾಡದ ಗುಡ್ಡದ ಮೇಲೆ ಕೂತು ಅದನ್ನು ನನಗೇ ಹೇಳುತ್ತಿದ್ದಳು.

“ನಿನಗೆ ಇದು ಹೇಗೆ ಗೊತ್ತು?”

“ಸೇವಂತಿ ಹೇಳ್ತಾಳ್ರಿ. ನಾ ಕೆಲಸದಿಂದ ಬಂದು ದಿನಾ ಸಂಜಿಗಿ ಕೇಳ್ತೀನಿ, ಇವತ್ತ ಬಾಯೋರು ಏನ ಬರ್ದಾರ ಅಂತ. ಕೆಂಪು ಅಕ್ಷರದ ಮ್ಯಾಲ ಕೈಬಟ್ಟು ಇಟ್ಟು ಎಲ್ಲಾ ಹೇಳ್ತಾಳ. ನಿಮ್ಮ ಹಂಗ ಕನ್ನಡಕ ಏರಿಸಿಕೊಂಡು, ಸೊಂಟದ ಮ್ಯಾಲ ಕೈ ಇಟಗೊಂಡು ಹೇಳ್ತಾಳ.”

ನಾನು ಒಂದೊಂದೇ ಪುಸ್ತಕ ತೆರೆದೆ. ಚಿತ್ರ ನೋಡಿ ಗುರುತು ಹಿಡಿದು ಮಲ್ಲಕ್ಕ ಹೇಳುತ್ತ ಹೋದಳು. ಉಪ್ಪು ನೀರಿನಲ್ಲಿ ಕರಗಿ ಎಲ್ಲಿಗೆ ಹೋಗುತ್ತದೆ. ಎಲೆ ತನ್ನ ಅಡುಗೆಯನ್ನು ತಾನೇ ಹೇಗೆ ಮಾಡಿಕೊಳ್ಳುತ್ತದೆ. ಕನ್ನಡಿಯಲ್ಲಿ ಎಡಗೈ ಯಾಕೆ ಬಲಗೈಯಾಗುತ್ತದೆ. ನಾನು ಎಂದೋ ಹೇಳಿ ಮರೆತದ್ದೂ ಅದರಲ್ಲಿತ್ತು. ಇಪ್ಪತ್ತೇಳು ವರ್ಷದಲ್ಲಿ ಪ್ರಥಮ ಬಂದವರನ್ನು ನೋಡಿದ್ದೇನೆ, ಈಗ ಡಾಕ್ಟರಾಗಿರುವವರನ್ನು ನೋಡಿದ್ದೇನೆ. ನನ್ನ ಒಂದು ಮಾತನ್ನೂ ನೆಲಕ್ಕೆ ಬೀಳಲು ಬಿಡದ ಮಗುವನ್ನು ನೋಡಿರಲಿಲ್ಲ. ಆ ಮಗು ಮೂರು ವರ್ಷ ನನ್ನ ಕಣ್ಣೆದುರಿಗೇ ಕಿಟಕಿ ಪಕ್ಕ ಕೂತಿತ್ತು.

ತಡೆಯಲಾಗಲಿಲ್ಲ. “ಮಲ್ಲಕ್ಕ, ಈ ಕೆಂಪು ಶಾಯಿಯಲ್ಲಿ ಇರೋದು ಪಾಠ ಅಲ್ಲ,” ಎಂದೆ. ರಂಜನಾ ನನ್ನ ಮೊಣಕೈ ಮುಟ್ಟಿದಳು. ನಾನು ನಿಲ್ಲಲಿಲ್ಲ. “ನಾನು ಅವಳಿಗೆ ಬೈದು ಬರೆದದ್ದು. ಸೋಮಾರಿ ಅಂತ ಬರೆದಿದ್ದೇನೆ. ನಾಚಿಕೆಯಿಲ್ಲ ಅಂತ ಬರೆದಿದ್ದೇನೆ.”

ಮಲ್ಲಕ್ಕ ಬಾಗಿಲ ಕಡೆ ನೋಡಿದಳು. ಮಗಳು ಇನ್ನೂ ಬಂದಿರಲಿಲ್ಲ. ಆಮೇಲೆ ದನಿ ತಗ್ಗಿಸಿ, “ಗೊತ್ತದ ರೀ,” ಎಂದಳು.

“ಗೊತ್ತಿದೆಯಾ?”

“ಎರಡು ವರ್ಷ ಆತು. ಮ್ಯಾಲಿನ ಖೋಲಿ ಯಕ್ಷಿತಾ ಓದಿ ಹೇಳಿದಳು. ಅವತ್ತ ಭಾಳ ಅತ್ತೀನ್ರಿ. ಬಡದು ಕೇಳಬೇಕಂತ ಮಾಡಿದ್ದೆ. ಸಂಜಿಗಿ ಬಂದು ಕೂಡಿಸಿಕೊಂಡು ಕೇಳಿದ್ರ, ನನ್ನ ಮಗಳು ಆ ಬೈಗುಳದ ಮ್ಯಾಲ ಬಟ್ಟಿಟ್ಟು ಚುಕ್ಕಿ, ಚಂದ್ರ ಎಲ್ಲಾ ಹೇಳಾಕ್ಹತ್ತಿದಳು. ಹ್ಯಾಂಗ ಬಡೀಲಿ? ನಾ ಸಾಲಿ ಕಲಿತಿಲ್ರಿ. ಇಡೀ ದಿನ ಮಂದಿ ಸಂಡಾಸ ತೊಳದು ಬಂದಿರ್ತೀನಿ. ಅದೊಂದು ತಾಸು ನನಗೂ ಸಾಲಿ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನನಗ ಗೊತ್ತದ ಅಂತ ಆಕಿಗಿ ಹೇಳಬ್ಯಾಡ್ರಿ. ಹೇಳಿದ್ರ ಪಾಠ ನಿಂತು ಹೋಗ್ತದ.”

“ಗೊತ್ತಿದ್ದೂ ಈ ಪುಸ್ತಕಕ್ಕೆ ಕುಂಕುಮ ಹಚ್ಚಿದೆಯಲ್ಲೇ?”

“ಬೈದೀರಿ, ಖರೆ. ಆದ್ರ ಒಂದ ಸಾಲನೂ ಬಿಟ್ಟಿಲ್ಲ ನೋಡ್ರಿ,” ಎಂದಳು ಮಲ್ಲಕ್ಕ. “ನಮ್ಮಂಥವರನ್ನ ಇಷ್ಟು ಹೊತ್ತು ಯಾರ ನೋಡ್ತಾರ?”

ನನಗೆ ಅಳು ಬಂತು. ನಾನು ಅಳುವುದಿಲ್ಲವೆಂದು ನಮ್ಮ ಮನೆಯವರು ಹಾಸ್ಯ ಮಾಡುತ್ತಾರೆ. ಅಲ್ಲಿ ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕನ್ನಡಕ ತೆಗೆದು ಅತ್ತೆ. ಸೇವಂತಿ ಹಾಲಿನ ಪ್ಯಾಕೆಟ್ ಹಿಡಿದು ಬಂದಾಗ ರಂಜನಾ ಬೇಗ, “ಮ್ಯಾಡಂಗೆ ಮೆಟ್ಟಿಲು ಹತ್ತಿ ಸುಸ್ತಾಗಿದೆ,” ಎಂದಳು. ಚಹಾ ಕುಡಿದು, ಒಂಬತ್ತು ಪುಸ್ತಕ ಆರಿಸಿ ಬ್ಯಾಗಿಗೆ ಹಾಕಿಕೊಂಡು ಇಳಿದೆವು.

ಅರ್ಧ ದಾರಿಯಲ್ಲಿ ನಿಂತು ರಂಜನಾಳನ್ನು ಕೇಳಿದೆ. “ಇದೆಲ್ಲ ನಿನಗೆ ಮೊದಲೇ ಗೊತ್ತಿತ್ತಾ?”

“ಮೂರು ಸಲ ಬಂದಿದ್ದೆ ಮ್ಯಾಡಂ.”

“ಹೇಳಬಾರದಿತ್ತಾ?”

“ನಾನು ಹೇಳಿದ್ರೆ ನೀವು ನಂಬ್ತಾ ಇದ್ರಾ?”

ನಂಬುತ್ತಿರಲಿಲ್ಲ. ಮೆಟ್ಟಿಲ ಕೆಳಗಿನ ಆ ಮೇಜಿನ ಹತ್ತಿರ ತಾಯಂದಿರಿಗೆ ಚಹಾ ಯಾಕೆ ಕುಡಿಸುತ್ತಿದ್ದಳೆಂದು ಆಗ ತಿಳಿಯಿತು. ಹಾಸ್ಪಿಟಲ್ಲಿಗೆ ನಾಲ್ಕು ಸಲ ಹೋಗಬೇಕಾಗುತ್ತದೆಂದು ಅವಳು ಆಗಲೇ ಗೋರೆಗಾಂವ್‌ಗೆ ಹೋಗಿ ಮಲ್ಲಕ್ಕನ ಸೂಪರ್‌ವೈಸರ್ ಹತ್ತಿರ ಮಾತಾಡಿ ರಜೆ ಗೊತ್ತು ಮಾಡಿ ಬಂದಿದ್ದಳು. ನಾನು ರಿಪೋರ್ಟು ಬರೆಯುತ್ತೇನೋ ಇಲ್ಲವೋ ಎಂದು ಗೊತ್ತಾಗುವ ಮೊದಲೇ! ಅವಳ ವಯಸ್ಸಿನಲ್ಲಿ ನನಗೆ ಅಷ್ಟು ಬುದ್ಧಿಯೂ ಇರಲಿಲ್ಲ, ಅಷ್ಟು ತಾಳ್ಮೆಯೂ ಇರಲಿಲ್ಲ. ಎರಡನೆಯದು ಈಗಲೂ ಇಲ್ಲ.

ಸೋಮವಾರ ರಿಪೋರ್ಟನ್ನು ಸರ್ ಮೇಜಿನ ಮೇಲಿಟ್ಟೆ. ಓದಿ ಅವರು ಹುಬ್ಬು ಗಂಟಿಕ್ಕಿದರು. “ಟೀಚರ್, ಈ ಹುಡುಗಿ ಸೋಮಾರಿ ಎಂದು ಮೂರು ವರ್ಷ ತಪ್ಪು ತಿಳಿದಿದ್ದೆ ಅಂತ ಬರೆದಿದ್ದೀರಲ್ಲ. ಇದು ಶಾಲೆಗೇ ಬರ್ತದೆ.”

“ಶಾಲೆಗೆ ಬರುವುದಿಲ್ಲ, ನನಗೆ ಬರುತ್ತದೆ. ಸಹಿ ನನ್ನದಲ್ವಾ?” ಎಂದೆ. ನನ್ನ ದನಿ ಕಾರಿಡಾರಿಗೆ ಕೇಳಿಸಿರಬೇಕು. “ರಿಸಲ್ಟ್ ಬಿದ್ರೆ ನನ್ನ ಹೆಸರು ಹೇಳಿ. ಹುಡುಗಿಯ ಹೆಸರು ತೆಗೆದ್ರೆ ಮಾತ್ರ ನಾನು ಸುಮ್ಮನಿರೋದಿಲ್ಲ.” ಸರ್ ಮುದ್ರೆ ಒತ್ತಿದರು. ಮೂಗಿನ ತುದಿಯ ಕೋಪವೂ ಕೆಲವೊಮ್ಮೆ ಉಪಯೋಗಕ್ಕೆ ಬರುತ್ತದೆ.

ಹಾಸ್ಪಿಟಲ್ಲಿನಲ್ಲಿ ಇನ್ನೊಂದು ತೊಡಕು. ಅಲ್ಲಿ ಪರೀಕ್ಷೆ ಮಾಡುವವರಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ರಂಜನಾ ಎರಡು ವಾರ ಅವರ ಬೆನ್ನು ಬಿಡಲಿಲ್ಲ. ಕೊನೆಗೆ ಭಾಷೆ ತಿಳಿಸಲು ನಾನು ಪಕ್ಕದಲ್ಲಿ ಕೂರಬಹುದು, ಆದರೆ ಹುಡುಗಿಗೆ ಏನೂ ಹೇಳಿಕೊಡಬಾರದು ಎಂದರು. ಒಂದೂವರೆ ಗಂಟೆ ಬಾಯಿಗೆ ಬೀಗ ಹಾಕಿ ಕೂತೆ. ಸೇವಂತಿ ಒಂದು ಸಾಲು ಓದಲು ಬೆವರಿದ್ದನ್ನು ಅಷ್ಟು ಹತ್ತಿರದಿಂದ ನೋಡಿದೆ. ಅಕ್ಷರಗಳನ್ನು ಅವಳು ನೋಡುವುದಿಲ್ಲ ಎಂದುಕೊಂಡಿದ್ದೆನಲ್ಲ, ಅವಳಷ್ಟು ಕಷ್ಟಪಟ್ಟು ನೋಡುವವರು ಇನ್ನು ಯಾರೂ ಇರಲಿಕ್ಕಿಲ್ಲ. ಡಾಕ್ಟರಮ್ಮ ಒಂಬತ್ತು ಪುಸ್ತಕವನ್ನೂ ಸಾಲಾಗಿ ಬಿಡಿಸಿಟ್ಟರು. ಎಂಟನೆಯಲ್ಲಿ ‘ರತಕ’, ಒಂಬತ್ತರಲ್ಲಿ ‘ರತಕ’, ಹತ್ತರಲ್ಲೂ ‘ರತಕ’, ಪ್ರತಿಯೊಂದಕ್ಕೂ ಕೆಂಪು ಸುತ್ತು, ಪಕ್ಕದಲ್ಲಿ ತಾರೀಖು. ಕನ್ನಡ ಬಾರದಿದ್ದರೂ ಒಂದೇ ತಪ್ಪು ಎಷ್ಟು ಸಲ ಬಂದಿದೆ ಎಂದು ಅವರು ಸುತ್ತು ನೋಡಿಯೇ ಲೆಕ್ಕ ಮಾಡಿಕೊಂಡರು. ನನ್ನ ಬೈಗುಳ ಹುಡುಗಿಯ ಸಾಕ್ಷಿಯಾಯಿತು.

ಸರ್ಟಿಫಿಕೇಟ್ ಡಿಸೆಂಬರ್ ಕೊನೆಯ ವಾರ ಬಂತು, ಬೋರ್ಡ್‌ನ ಒಪ್ಪಿಗೆ ಅದರ ಹಿಂದೆ ಬಂತು. ಪರೀಕ್ಷೆ ಬರೆದುಕೊಡುವವರು ಕೆಳಗಿನ ತರಗತಿಯವರೇ ಆಗಬೇಕೆಂಬುದು ನಿಯಮ. ನಮ್ಮ ಒಂಬತ್ತನೆಯಲ್ಲಿ ಇದ್ದದ್ದು ಹನ್ನೊಂದು ಮಕ್ಕಳು, ಅದರಲ್ಲಿ ಓಡುವ ಕೈ ಜ್ಯೋತ್ಸ್ನಾಳದು ಮಾತ್ರ. ಸ್ಟೇಷನ್ ಎದುರಿನ, ನಮ್ಮೂರ ಕಡೆಯವರ ಹೋಟೆಲಿನ ಮ್ಯಾನೇಜರನ ಮಗಳು. ಅವಳ ಅಪ್ಪ ಸುಲಭಕ್ಕೆ ಒಪ್ಪುವವರಲ್ಲ. ರಂಜನಾ ಆ ಹೋಟೆಲಿನಲ್ಲಿ ಕೂತು ಎಷ್ಟು ಚಹಾ ಕುಡಿದಳೋ, ಅಂತೂ ಒಪ್ಪಿದರು.

ಮೊದಲ ವಾರದ ಅಭ್ಯಾಸ ಮಣ್ಣುಪಾಲಾಯಿತು. ನಾನು ಎದುರು ಕೂತರೆ ಸೇವಂತಿಯ ತುಟಿ ಬಿಚ್ಚುವುದಿಲ್ಲ. “ಮ್ಯಾಡಂ, ನೀವು ಹೊರಗೆ,” ಎಂದಳು ರಂಜನಾ. ನನ್ನ ಶಾಲೆಯಲ್ಲಿ ನನ್ನನ್ನೇ ಹೊರಗೆ ಕಳಿಸಿದಳು. ನಾನೂ ಸುಮ್ಮನೆ ಹೋಗಿ ಕಾರಿಡಾರಿನಲ್ಲಿ, ಬಾಗಿಲ ಮರೆಯಲ್ಲಿ ನಿಂತೆ. ಆಮೇಲೆ ರಂಜನಾ ತನ್ನ ಒಡಕು ಕನ್ನಡದಲ್ಲಿ, “ಸೇವಂತಿ, ಇಲ್ಲಿ ನಾನು ಅವ್ವ. ಇವತ್ತು ಬಾಯೋರು ಏನು ಬರ್ದಿದ್ದಾರೆ ಹೇಳು,” ಎಂದದ್ದು ಕೇಳಿಸಿತು.

ಹುಡುಗಿ ಶುರು ಮಾಡಿದಳು. ಕಣ್ಣಿನ ಪಾಠ. ಮಸೂರ ಎಲ್ಲಿದೆ, ಬೆಳಕು ಎಲ್ಲಿ ಬಾಗುತ್ತದೆ, ಚಿತ್ರ ಎಲ್ಲಿ ಬೀಳುತ್ತದೆ. ದನಿ ಮೊದಲು ಸಣ್ಣಗಿತ್ತು, ನಾಲ್ಕನೆಯ ವಾಕ್ಯಕ್ಕೆ ಕ್ಲಾಸು ತುಂಬುವಷ್ಟಾಯಿತು. ವಯಸ್ಸಾದ ಮೇಲೆ ಹತ್ತಿರದ್ದು ಯಾಕೆ ಕಾಣುವುದಿಲ್ಲ ಎಂಬಲ್ಲಿಗೆ ಬಂದಾಗ, ಲೋಕಲ್‌ನಲ್ಲಿ ಎದುರಿನವರ ಮೂಗಿಗೆ ತಾಗುವಷ್ಟು ದೂರ ಪೇಪರ್ ಹಿಡಿದು ಓದುವ ಕಾಕಾ ಕೂಡ ಬಂದ. ಅವನೂ ನನ್ನವನೇ. “ಅಕ್ಕಾ, ಕಾಕಾನನ್ನೂ ಬರೀಲಾ?” ಎಂದಳು ಜ್ಯೋತ್ಸ್ನಾ. “ಬಾಯೋರು ಹೇಳ್ಯಾರ, ಬರಿ,” ಎಂದಳು ಸೇವಂತಿ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಕೈ ತಾನಾಗಿ ಮುಗಿಯುತ್ತದಲ್ಲ, ನನ್ನ ಕೈ ಹಾಗೆ ಆಗಿತ್ತು. ಪ್ಯೂನ್ ಗುರುಪಾದ ಗಂಟೆ ಹೊಡೆಯಲು ಬಂದವನು ನನ್ನನ್ನು ನೋಡಿ, ಗಾಬರಿಯಾಗಿ ಗಂಟೆ ಹೊಡೆಯದೆಯೇ ವಾಪಸ್ ಹೋದ.

ಆ ಉತ್ತರಪತ್ರಿಕೆಯನ್ನು ತಿದ್ದಲು ಕೂತರೆ ತಿದ್ದಲು ಏನೂ ಸಿಗಲಿಲ್ಲ. ಬೋರ್ಡ್‌ನವರಿಗೆ ಕಾಕಾ ಬೇಡ ಎಂದು ಬಾಯಲ್ಲೇ ಹೇಳಿದೆ. ಪತ್ರಿಕೆಯನ್ನು ಬಿಳಿಯಾಗಿಯೇ ಮರಳಿ ಕೊಟ್ಟೆ. ನನಗೆ ಅದು ದೊಡ್ಡ ಮರ್ಯಾದೆ ಕೊಟ್ಟಂತೆ ಕಂಡಿತ್ತು.

ಹಾಲ್ ಟಿಕೆಟ್ ಹಂಚುವ ದಿನ ತಂದೆಯೋ ತಾಯಿಯೋ ಬಂದು ಸಹಿ ಮಾಡಬೇಕು. ಮಲ್ಲಕ್ಕ ಕೆಲಸದ ನೀಲಿ ಕೋಟಿನಲ್ಲೇ ಬಂದಳು. ಹೆಬ್ಬೆಟ್ಟು ಒತ್ತಿ, ಮಗಳ ಫೋಟೋ ಇರುವ ಹಾಲ್ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಸೇವಂತಿ ಪಕ್ಕದಲ್ಲಿ ನಿಂತಿದ್ದಳು, ರಂಜನಾ ಮೆಟ್ಟಿಲ ಕೆಳಗಿನ ಮೇಜಿನಿಂದ ಎದ್ದು ಬಂದಳು. ಎಲ್ಲ ಮುಗಿಯಿತು ಎಂದುಕೊಂಡರೆ ಮಲ್ಲಕ್ಕ ಚೀಲದಿಂದ ಕಣ್ಣಿನ ಪಾಠದ ಆ ಉತ್ತರಪತ್ರಿಕೆ ತೆಗೆದು ನನ್ನ ಮುಂದೆ ಹಿಡಿದಳು. ಮುಖ ಗಂಟಾಗಿತ್ತು.

“ಏನ್ರಿ ಬಾಯೋರ, ಒಂದ ಸಾಲನೂ ಕೆಂಪು ಇಲ್ಲ. ನೋಡೀರೋ, ಇಲ್ಲೋ?”

ಪೆನ್ನು ತೆಗೆದು ಮೆಟ್ಟಿಲ ಮೇಲೆಯೇ ಕೂತೆ. ಒತ್ತಕ್ಷರವೇ ಇಲ್ಲದ ಒಂದು ಮಾತಿಗಾಗಿ ಯೋಚಿಸಿದೆ, ಬರೆದೆ, ಅಕ್ಷರಗಳ ನಡುವೆ ಜಾಗ ಬಿಟ್ಟು ದೊಡ್ಡದಾಗಿ ಬರೆದೆ. ಇಪ್ಪತ್ತೇಳು ವರ್ಷದಲ್ಲಿ ಒಂದು ಸಾಲಿಗೆ ಅಷ್ಟು ಹೊತ್ತು ಹಿಡಿದದ್ದಿಲ್ಲ. ಪತ್ರಿಕೆಯನ್ನು ಸೇವಂತಿಯ ಕೈಗೆ ಕೊಟ್ಟೆ.

“ಏನ ಬರ್ದಾರ?” ಎಂದಳು ಮಲ್ಲಕ್ಕ, ದಿನದ ಅಭ್ಯಾಸದಂತೆ.

ಸೇವಂತಿ ಬೆರಳಿಟ್ಟಳು. ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು. ಪಾಠ ಹೇಳಬಹುದಿತ್ತು, ನಾವು ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಹೇಳಲಿಲ್ಲ. ಬೆರಳನ್ನು ಮೊದಲ ಅಕ್ಷರದ ಕೆಳಗೆ ತಂದು ಓದಲು ಶುರು ಮಾಡಿದಳು. ಹಣೆಯಲ್ಲಿ ಬೆವರು ಬಂತು. ಒಂದು ಅಕ್ಷರ ತಪ್ಪಿತು, ಹಿಂದೆ ಹೋದಳು, ಮತ್ತೆ ಹಿಡಿದಳು. ಗಂಟೆ ಹೊಡೆಯಿತು, ಮಕ್ಕಳು ನಮ್ಮ ಅಕ್ಕಪಕ್ಕದಿಂದ ಇಳಿದು ಹೋದರು, ಯಾರೂ ಅವಳನ್ನು ಅವಸರಪಡಿಸಲಿಲ್ಲ.

“ಈ... ಪಾಠ... ನೀನು... ಹೇಳಿದ... ಹಾಗೆ... ನಾನೂ... ಹೇಳಲಾರೆ.”

ಮಲ್ಲಕ್ಕ ಉಸಿರು ಬಿಟ್ಟಳು. ಮಗಳ ಹಣೆಯ ಬೆವರನ್ನು ನೀಲಿ ಕೋಟಿನ ತೋಳಿನಿಂದ ಒರೆಸಿದಳು.

“ಇವತ್ತ ಇದ್ದದ್ದ ಓದಿದಿ ನೋಡು,” ಎಂದಳು.

ಸೇವಂತಿ ಚಕ್ಕನೆ ತಲೆಯೆತ್ತಿದಳು. ಅವ್ವನ ಮುಖವನ್ನೇ ನೋಡುತ್ತ ನಿಂತಳು. ಎರಡು ವರ್ಷದ ಸಂಜೆಗಳೆಲ್ಲ ಆ ಹುಡುಗಿಯ ಕಣ್ಣಲ್ಲಿ ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದದ್ದು ನನಗೆ ಕಂಡಿತು. ಏನೋ ಕೇಳಲು ಬಾಯಿ ತೆರೆದಳು.

ಮಲ್ಲಕ್ಕ ಹಾಲ್ ಟಿಕೆಟ್ಟನ್ನು ಮಡಿಸದೆ ಜೋಪಾನವಾಗಿ ಚೀಲದಲ್ಲಿಟ್ಟು, “ನಡಿ, ಹೊತ್ತಾತು,” ಎಂದಳು. “ಕಣ್ಣಿನ ಪಾಠ ಅರ್ಧಕ್ಕ ನಿಂತದ. ಸಂಜಿಗಿ ಉಳಿದದ್ದು ಹೇಳು.”